ದೇಹಭಾವನೆಯೂ ವ್ಯಾಯಾಮವೂ: ವಿಜಯಪುರ ಸೀಮೆಯ ಹರೆಯದವರ ಚರಿತ್ರೆಯಲ್ಲಿ ಒಂದು ವಿಚಾರ

ಮನುಷ್ಯನು ತನ್ನ ಶರೀರವನ್ನು ಎರಡು ಬಗೆಯಲ್ಲಿ ಅರಿತಿರುತ್ತಾನೆ. ಅದು ಇತರರ ಕಣ್ಣಿಗೆ ಹೇಗೆ ಕಾಣುತ್ತದೆಂಬುದು ಒಂದು ಬಗೆ. ಅದರಿಂದ ತನಗೆ ಏನೇನು ಮಾಡಲು ಸಾಧ್ಯವೆಂಬುದು ಇನ್ನೊಂದು. ಇವೆರಡೂ ಕೂಡಿ ಮನಸ್ಸಿನಲ್ಲಿ ಮೂಡುವ ಚಿತ್ರವನ್ನು ಪ್ರಸ್ತುತ ಲೇಖನದಲ್ಲಿ ‘ದೇಹಭಾವನೆ’ ಎಂದು ಕರೆದಿದೆ. ಮೈಯು ವರ್ಷಕ್ಕೊಂದು ಆಕಾರವನ್ನು ತಳೆಯುವ ಹರೆಯದಲ್ಲಿ ಈ ಚಿತ್ರವು ಅತ್ಯಂತ ಚಂಚಲವಾದುದು. ಹರೆಯವನ್ನು ಒಂದು ಪ್ರತ್ಯೇಕ ಅವಸ್ಥೆಯೆಂದು ಬಗೆದು ಅಮೆರಿಕದ ಸ್ಟ್ಯಾನ್ಲಿ ಹಾಲ್ ಎಂಬ ಮನಶ್ಶಾಸ್ತ್ರಜ್ಞನು 1904ರಲ್ಲಿ ಎರಡು ಸಂಪುಟಗಳ ಗ್ರಂಥವನ್ನು ಬರೆದನು. 1935ರಲ್ಲಿ ಪಾಲ್ ಶಿಲ್ಡರನು ದೇಹಬಿಂಬವನ್ನೇ ಕುರಿತು ಬರೆದನು. ಅಂದಿನಿಂದ ಇಂದಿನವರೆಗೂ ಕೇಳಿಬರುತ್ತಿರುವ ಪ್ರಶ್ನೆಯೊಂದಿದೆ: ತನ್ನ ಮೈಯ ವಿಷಯದಲ್ಲಿ ಒಳ್ಳೆಯ ಭಾವನೆಯುಳ್ಳ ಹುಡುಗನು ಹೆಚ್ಚಾಗಿ ಆಡುತ್ತಾನೆಯೆ, ಅಥವಾ ಹೆಚ್ಚಾಗಿ ಆಡುವುದರಿಂದಲೇ ಆ ಭಾವನೆ ಹುಟ್ಟುತ್ತದೆಯೆ?

ಮನಶ್ಶಾಸ್ತ್ರಜ್ಞರು ಇದಕ್ಕೆ ಪ್ರಶ್ನಾವಳಿಗಳ ಮೂಲಕ ಉತ್ತರವನ್ನು ಅರಸಿದ್ದಾರೆ. ಆಸ್ಟ್ರೇಲಿಯದ ವಿದ್ವಾಂಸರು ಅಂತಹ ಅನೇಕ ಸಂಶೋಧನೆಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆಯು ಇಲ್ಲಿ ಗಮನಾರ್ಹವಾಗಿದೆ. ಮಕ್ಕಳ ಮತ್ತು ಹರೆಯದವರ ದೈಹಿಕ ಚಟುವಟಿಕೆಗೂ ‘ನನ್ನ ಮೈಗೆ ಇದು ಸಾಧ್ಯ’ ಎಂಬ ಭಾವನೆಗೂ ಇರುವ ಸಹಸಂಬಂಧವು 0.30ರಷ್ಟು, ‘ನನ್ನ ಮೈ ಚೆಲುವಾಗಿದೆ’ ಎಂಬ ಭಾವನೆಗೂ ಚಟುವಟಿಕೆಗೂ ಇರುವುದು 0.12ರಷ್ಟು ಮಾತ್ರ. ಎರಡು ಸಂಗತಿಗಳಿಗೆ ಯಾವ ನಂಟೂ ಇಲ್ಲದಿದ್ದರೆ ಈ ಅಂಕವು 0, ಪೂರ್ಣವಾದ ನಂಟಿದ್ದರೆ 1. ಅಂದಮೇಲೆ ಎರಡೂ ಬಲವಾದ ಸಂಬಂಧಗಳಲ್ಲ. ಆದರೂ ಸಾಮರ್ಥ್ಯದ ಅರಿವಿಗೆ ರೂಪದ ಅರಿವಿಗಿಂತ ಎರಡು ಪಟ್ಟಿಗೂ ಮೀರಿದ ನಂಟಿದೆಯೆಂಬುದು ಸ್ಪಷ್ಟ. ಇಲ್ಲಿಂದ ಮುಂದೆ ಚರಿತ್ರಕಾರನ ಕೆಲಸ ಆರಂಭವಾಗುತ್ತದೆ. ಹುಡುಗನೊಬ್ಬನು ತನ್ನ ಸಾಮರ್ಥ್ಯವನ್ನಾಗಲಿ ರೂಪವನ್ನಾಗಲಿ ಅಳೆದುಕೊಳ್ಳುವ ಮಾನದಂಡವು ಅವನೇ ಮಾಡಿಕೊಂಡುದಲ್ಲ. ಊರು, ಅರಸು, ಶಾಲೆ, ಮಾರುಕಟ್ಟೆ ಇವು ಅದನ್ನು ಅವನ ಕೈಗೆ ಕೊಡುತ್ತವೆ. ವಿಜಯಪುರ ನಗರ ಮತ್ತು ಅದರ ಪಶ್ಚಿಮ ದಕ್ಷಿಣಗಳಿಗಿರುವ ತಿಕೋಟಾ, ಬಬಲೇಶ್ವರಗಳ ಸೀಮೆಯಲ್ಲಿ ಇಂತಹ ಮಾನದಂಡಗಳು ಒಂದರ ಮೇಲೊಂದು ಬಂದುದನ್ನು ಸಾಕಷ್ಟು ಸ್ಪಷ್ಟವಾಗಿ ಕಾಣಬಹುದು.

ಕನ್ನಡ ನಾಡಿನಲ್ಲಿ ಶರೀರಸಾಧನೆಯ ಶಾಸ್ತ್ರೀಯ ವಿವರಣೆ ಹಳೆಯದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಒಂದು ಪ್ರಕರಣವೇ ಇದೆ. ಅಲ್ಲಿ ಮಲ್ಲರನ್ನು ವಯಸ್ಸು, ಗಾತ್ರ, ಬಲಗಳನ್ನು ನೋಡಿ ವರ್ಗೀಕರಿಸಲಾಗಿದೆ. ಅವರ ಅಭ್ಯಾಸವನ್ನೂ, ಅರಸನು ಅವರಿಗೆ ಒದಗಿಸಬೇಕಾದ ಬೇಳೆ, ಮಾಂಸ, ಹಾಲು, ಸಕ್ಕರೆಗಳನ್ನೂ ಹೇಳಿದೆ. ಮೈಯೆಂಬುದು ಅರಸನ ವಿನೋದಕ್ಕೆ ಸಾಕಿದ ಸಂಪತ್ತು ಎಂಬ ದೃಷ್ಟಿಯೇ ಇಲ್ಲಿ ಪ್ರಧಾನವಾದುದು. ಅದೇ ಶತಮಾನದಲ್ಲಿ ಇದೇ ಸೀಮೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರೂ ಅವರ ಸಂಗಡಿಗರೂ ‘ಕಾಯಕ’ವೆಂಬ ಶಬ್ದಕ್ಕೆ ಹೊಸ ಗೌರವವನ್ನು ತಂದರು. ಕಾಯದಿಂದ ಮಾಡಿದುದು ಕಾಯಕ. ಮೈಗೆ ಬೆಲೆ ಬರುವುದು ಅದು ಮಾಡುವ ಕೆಲಸದಿಂದ ಎಂಬ ಧ್ವನಿ ಆ ಶಬ್ದದಲ್ಲಿಯೇ ಅಡಗಿದೆ. ಇದನ್ನು ವ್ಯಾಯಾಮದ ಚರಿತ್ರೆಗೆ ಎಳೆದು ತರುವುದು ಅತಿಯಾದೀತು. ಆದರೆ ದೇಹಭಾವನೆಯ ಚರಿತ್ರೆಯನ್ನು ಬರೆಯುವವರು ಅದನ್ನು ಬಿಟ್ಟು ಮುಂದೆ ಹೋಗಲಾಗದು.

ಜನಸಾಮಾನ್ಯರ ಮಟ್ಟಿಗೆ ಹರೆಯದ ಹುಡುಗನ ಮೈಯನ್ನು ಅಳೆದ ಸ್ಥಳಗಳು ಎರಡು: ತಾಲೀಮು ಮತ್ತು ಜಾತ್ರೆಯ ಬಯಲು. ದಕ್ಷಿಣದ ಜಿಲ್ಲೆಗಳಲ್ಲಿ ಗರಡಿಮನೆಯೆನ್ನುವುದನ್ನು ಇಲ್ಲಿ ತಾಲೀಮು ಎನ್ನುವರು. ಅರಬ್ಬಿಯಲ್ಲಿ ಈ ಶಬ್ದಕ್ಕೆ ಶಿಕ್ಷಣವೆಂದು ಅರ್ಥ. ಆದಿಲಶಾಹಿಯ ನಾಡಿನಲ್ಲಿ ಅದು ಕುಸ್ತಿಯ ಮನೆಗೆ ಹೆಸರಾಗಿ ನಿಂತಿರುವುದು ಸಹಜವೇ ಆಗಿದೆ. ಪೈಲ್ವಾನ, ಉಸ್ತಾದ, ಖುರಾಕು, ಪೇಚು, ಬೈಠಕ್ಕು ಮುಂತಾದ ಶಬ್ದಗಳು ಒಂದು ದಿಕ್ಕಿನಿಂದ ಬಂದರೆ ಸಾಮು, ದಂಡ, ಮಲ್ಲ ಮುಂತಾದುವು ಇನ್ನೊಂದು ದಿಕ್ಕಿನಿಂದ ಬಂದುವು. ಹನುಮಂತದೇವರ ಚಿತ್ರಕ್ಕೆ ಕೈಮುಗಿದು, ಉಸ್ತಾದನ ಪಾದ ಮುಟ್ಟಿ, ಎಣ್ಣೆ ಮಜ್ಜಿಗೆಗಳನ್ನು ಕಲಸಿ ಹದಗೊಳಿಸಿದ ಕೆಂಪು ಮಣ್ಣಿಗೆ ಇಳಿಯುವ ಹುಡುಗನಿಗೆ ಅಲ್ಲಿ ಕನ್ನಡಿಯ ಅಗತ್ಯವಿರಲಿಲ್ಲ. ಅವನ ಮೈ ಎಷ್ಟರಮಟ್ಟಿಗೆ ತಯಾರಾಗಿದೆಯೆಂಬುದನ್ನು ಜೋಡಿಯ ಹಿಡಿತವು ಹೇಳುತ್ತಿತ್ತು.

ಜಾತ್ರೆಯ ಬಯಲಿನಲ್ಲಿ ಈ ಅಳತೆ ಇನ್ನಷ್ಟು ಬಹಿರಂಗವಾದುದು. ಉತ್ತರ ಕರ್ನಾಟಕದ ಊರುಗಳಲ್ಲಿ ಗುಡಿಯ ಮುಂದೆ ಬಿದ್ದಿರುವ ಗುಂಡುಕಲ್ಲು, ಸಂಗ್ರಾಣಿ ಕಲ್ಲುಗಳನ್ನು ಪ್ರವಾಸಿಗನು ಅಲಕ್ಷಿಸಿ ಹೋಗಬಹುದು. ಊರಿನ ಹುಡುಗನು ಹಾಗೆ ಹೋಗಲಾರ. ಮೊದಲು ನೆಲ ಬಿಡಿಸುವುದು, ಬಳಿಕ ಮೊಣಕಾಲಿಗೆ ತರುವುದು, ಆಮೇಲೆ ಎದೆಗೆ ಒತ್ತಿಕೊಳ್ಳುವುದು, ಕಡೆಗೆ ಹೆಗಲಿಗೆ ಏರಿಸಿ ಬೆನ್ನ ಹಿಂದಕ್ಕೆ ಒಗೆಯುವುದು ಹೀಗೆ ಒಂದೇ ಕಲ್ಲಿನಲ್ಲಿ ಹಲವು ಮೆಟ್ಟಿಲುಗಳಿವೆ. ಕಳೆದ ವರ್ಷ ಮೊಣಕಾಲಿನವರೆಗೆ ಬಂದ ಕಲ್ಲು ಈ ವರ್ಷ ಎದೆಗೆ ಬಂದರೆ ಅದು ಹುಡುಗನಿಗೂ ಗೊತ್ತು, ಓಣಿಗೂ ಗೊತ್ತು. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಸಂಕ್ರಾಂತಿಯ ಸಮಯಕ್ಕೆ ನಡೆಯುವ ಭಾರ ಎತ್ತುವ ಪಂದ್ಯಗಳೂ ಜಂಗಿ ಕುಸ್ತಿಗಳೂ ಈ ಗ್ರಾಮಪದ್ಧತಿಯ ದೊಡ್ಡ ರೂಪಗಳೇ ಹೊರತು ಬೇರೆಯಲ್ಲ. ಇಲ್ಲಿ ಚೆಲುವಿಗೆ ಅಂಕವಿಲ್ಲ. ಕುಳ್ಳನಾದರೂ ಕರಿಯನಾದರೂ ಕಲ್ಲು ಎತ್ತಿದವನಿಗೆ ಬೆಳ್ಳಿಯ ಕಡೆ. ಮೇಲೆ ಹೇಳಿದ 2014ರ ಸಮೀಕ್ಷೆಯು ಯಾವುದನ್ನು ಅಂಕಗಳಲ್ಲಿ ಕಂಡಿತೋ ಅದಕ್ಕೆ ಇಷ್ಟು ಹತ್ತಿರವಾದ ಸಾಮಾಜಿಕ ಏರ್ಪಾಡು ಮತ್ತೊಂದು ನಮ್ಮಲ್ಲಿ ಇಲ್ಲ.

ಹಾಗೆಂದು ಈ ಪದ್ಧತಿಯನ್ನು ಕೊಂಡಾಡುತ್ತ ನಿಲ್ಲುವುದು ವಿಮರ್ಶೆಯಲ್ಲ. ಮೊದಲನೆಯದಾಗಿ ತಾಲೀಮಿನ ಮೈಗೆ ಖುರಾಕು ಬೇಕು. ಹಾಲು, ತುಪ್ಪ, ಬಾದಾಮಿ ಎಂಬುವು ಎಲ್ಲರ ಮನೆಯವಲ್ಲ. 1876–78ರ ಬರಗಾಲದಲ್ಲಿ ಅಂದಿನ ಕಲಾದಗಿ ಜಿಲ್ಲೆ, ಅಂದರೆ ಮುಂದಿನ ವಿಜಾಪುರ ಜಿಲ್ಲೆ, ಮುಂಬಯಿ ಇಲಾಖೆಯಲ್ಲಿಯೇ ಅತಿಯಾಗಿ ನೊಂದ ಪ್ರದೇಶಗಳಲ್ಲಿ ಒಂದು. 1872ರ ಮತ್ತು 1881ರ ಜನಗಣತಿಗಳ ನಡುವೆ ಅಲ್ಲಿಯ ಜನಸಂಖ್ಯೆ ಐದರಲ್ಲಿ ಒಂದು ಪಾಲಿನಷ್ಟು ಇಳಿಯಿತು. ಅಂತಹ ನೆನಪುಳ್ಳ ನೆಲದಲ್ಲಿ ತುಂಬಿದ ಮೈಯೇ ಒಂದು ಅಂತಸ್ತು. ತಿಂದುಂಡು ಬೆಳೆದವನ ಮಗನು ಕಲ್ಲಿಗೆ ಕೈಹಾಕುವ ಮೊದಲೇ ಅರ್ಧ ಗೆದ್ದಿರುತ್ತಿದ್ದನು. ಎರಡನೆಯದಾಗಿ, ಎತ್ತಲಾರದವನ ಪಾಡು. ಪಂದ್ಯವೆಂಬುದು ಒಬ್ಬನನ್ನು ಮೇಲೆತ್ತುವಾಗ ಹತ್ತು ಮಂದಿಯನ್ನು ಪ್ರೇಕ್ಷಕರನ್ನಾಗಿ ಮಾಡುತ್ತದೆ. ಹಾಗೆ ಒಮ್ಮೆ ಪ್ರೇಕ್ಷಕನಾದ ಹುಡುಗನು ಮರಳಿ ಮಣ್ಣಿಗೆ ಇಳಿಯುವುದು ಅಪರೂಪ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಈ ಅಳತೆಯಲ್ಲಿ ಹುಡುಗಿಯರಿಗೆ ಸ್ಥಾನವೇ ಇರಲಿಲ್ಲ. ಅವರು ಸುಮ್ಮನೆ ಕುಳಿತಿದ್ದರೆಂದಲ್ಲ. ನಸುಕಿನಲ್ಲಿ ಎದ್ದು ಜೋಳ ಬೀಸಿ, ಬಾವಿಯಿಂದ ತಲೆಯ ಮೇಲೊಂದು ಟೊಂಕದ ಮೇಲೊಂದು ಕೊಡ ಹೊತ್ತು, ಹೊಲದಲ್ಲಿ ಕಳೆ ತೆಗೆದು, ಕಟ್ಟಿಗೆಯ ಹೊರೆ ತರುವ ಹದಿನಾಲ್ಕರ ಹುಡುಗಿಯ ದೈಹಿಕ ಚಟುವಟಿಕೆಯನ್ನು ತೂಗಿ ನೋಡಿದರೆ ಅದು ತಾಲೀಮಿನ ಹುಡುಗನದಕ್ಕೆ ಕಡಿಮೆಯಾಗಲಾರದು. ಬೀಸುವ ಕಲ್ಲೂ ಕಲ್ಲೇ ಅಲ್ಲವೆ! ಆದರೆ ಅದನ್ನು ತಿರುಗಿಸಿದುದಕ್ಕೆ ಬೆಳ್ಳಿಯ ಕಡೆಯಿಲ್ಲ. ಬೀಸುವ ಹಾಡುಗಳಲ್ಲಿ ತವರು, ಅಣ್ಣತಮ್ಮಂದಿರು, ದೇವರುಗಳು ಬಂದಷ್ಟು ಬೀಸುವ ತೋಳಿನ ಬಲವು ಬರುವುದಿಲ್ಲ. ಚಟುವಟಿಕೆಯು ತಾನಾಗಿಯೇ ಒಳ್ಳೆಯ ದೇಹಭಾವನೆಯನ್ನು ಹುಟ್ಟಿಸುತ್ತದೆಂಬ ಸರಳ ಸಿದ್ಧಾಂತಕ್ಕೆ ಇದೊಂದು ಬಲವಾದ ಪ್ರತ್ಯುದಾಹರಣೆ. ಮಾಡಿದ ಕೆಲಸವನ್ನು ಸಾಮರ್ಥ್ಯವೆಂದು ಯಾರಾದರೂ ಗುರುತಿಸಬೇಕು. ಗುರುತಿಸದಿದ್ದಲ್ಲಿ ಅದು ಬರಿಯ ದಣಿವಾಗಿ ಉಳಿಯುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇನ್ನೊಂದು ಮಾನದಂಡವು ಹಡಗಿನಲ್ಲಿ ಬಂದಿತು. ಪ್ರಷ್ಯದ ಯೂಜೆನ್ ಸ್ಯಾಂಡೋ ಎಂಬವನು ಲಂಡನ್ನಿನಲ್ಲಿ ನೆಲೆಸಿ ತನ್ನ ಶರೀರವನ್ನು ಗ್ರೀಕ್ ಶಿಲ್ಪಗಳ ಭಂಗಿಯಲ್ಲಿ ನಿಲ್ಲಿಸಿ ತೆಗೆಸಿದ ಛಾಯಾಚಿತ್ರಗಳೂ, ಅವನ ಪುಸ್ತಕಗಳೂ, ಡಂಬೆಲ್ಲುಗಳೂ ಜಗತ್ತನ್ನೆಲ್ಲ ಸುತ್ತಿದುವು. 1905ರ ಸುಮಾರಿಗೆ ಅವನೇ ಭಾರತಕ್ಕೆ ಬಂದು ಪ್ರದರ್ಶನಗಳನ್ನು ಕೊಟ್ಟನು. ಸ್ಯಾಂಡೋವಿನ ಪದ್ಧತಿಯಲ್ಲಿ ಎದೆ, ತೋಳು, ತೊಡೆಗಳನ್ನು ಪಟ್ಟಿಯಿಂದ ಅಳೆದು ಅಂಗುಲಗಳಲ್ಲಿ ಬರೆದಿಡುವುದು ಮುಖ್ಯ. ಕನ್ನಡಿಯ ಮುಂದೆ ನಿಂತು ಸಾಧನೆ ಮಾಡುವುದೂ ಮುಖ್ಯ. ಕಲ್ಲು ಮೇಲೆದ್ದಿತೆ ಎಂಬ ಪ್ರಶ್ನೆಯ ಜಾಗದಲ್ಲಿ ತೋಳು ಎಷ್ಟು ಅಂಗುಲವಾಯಿತು ಎಂಬ ಪ್ರಶ್ನೆ ಬಂದು ಕುಳಿತಿತು. ನಮ್ಮಲ್ಲಿ ಈ ಮಾರ್ಗವನ್ನು ಪ್ರತಿಭೆಯಿಂದ ಬೆಳಸಿದವರು ಬೆಂಗಳೂರಿನ ಕೆ. ವಿ. ಅಯ್ಯರ್. ಅವರ ವ್ಯಾಯಾಮಶಾಲೆಯಿಂದಲೂ, ಅಂಚೆಯ ಮೂಲಕ ನಡೆಸಿದ ಪಾಠಗಳಿಂದಲೂ, ಸ್ವಂತ ಛಾಯಾಚಿತ್ರಗಳುಳ್ಳ ಇಂಗ್ಲಿಷ್ ಪುಸ್ತಕಗಳಿಂದಲೂ ಒಂದು ತಲೆಮಾರಿನ ತರುಣರ ಕಣ್ಣಮುಂದೆ ‘ಪರಿಪೂರ್ಣ ಶರೀರ’ವೆಂಬ ಆದರ್ಶ ನಿಂತಿತು. ‘ಶಾಂತಲಾ’ ಕಾದಂಬರಿಯನ್ನು ಬರೆದವರೂ ಅವರೇ. ಚಿತ್ರಕಾರನಿಗೆ ಮಾದರಿಯಾಗಿ ನಿಂತವನ ಕಥೆಯಾದ ‘ರೂಪದರ್ಶಿ’ಯೂ ಅವರದೇ ಎಂಬುದು ಸ್ವಾರಸ್ಯದ ಸಂಗತಿ. ಅಯ್ಯರರು ಆಸನ, ಸೂರ್ಯನಮಸ್ಕಾರಗಳನ್ನು ಭಾರಸಾಧನೆಯೊಡನೆ ಕೂಡಿಸಿದರೆಂಬುದನ್ನೂ ಮರೆಯಬಾರದು. ಅವರದು ಬರಿಯ ಅನುಕರಣವಲ್ಲ.

ಆದರೆ ಸ್ಯಾಂಡೋವಿನ ಪ್ರಭಾವವು ತಿಕೋಟಾ-ಬಬಲೇಶ್ವರ ಸೀಮೆಗೆ ತಲುಪಿದ ದಾರಿ ಬೆಂಗಳೂರಿನದಲ್ಲ. ಸಾತಾರೆಯ ಕಡೆಯ ಔಂಧ ಸಂಸ್ಥಾನದ್ದು. ಎಪ್ಪತ್ತಕ್ಕೆ ಚಿಲ್ಲರೆ ಹಳ್ಳಿಗಳ ಈ ಪುಟ್ಟ ಸಂಸ್ಥಾನವು ಅಖಂಡವಾದ ಪ್ರದೇಶವಾಗಿರಲಿಲ್ಲ. ಅದರ ತುಣುಕುಗಳು ಬ್ರಿಟಿಷ್ ಜಿಲ್ಲೆಗಳ ನಡುವೆ ಚದರಿದ್ದುವು. ಅಂತಹ ತುಣುಕುಗಳಲ್ಲಿ ಒಂದು ಗುಣದಾಳ. ಔಂಧ, ಆಟಪಾಡಿ, ಕುಂಡಲಗಳು ಮರಾಠಿ ಭಾಗಗಳಾದರೆ, ವಿಜಾಪುರ ಜಿಲ್ಲೆಯ ನಡುವೆ ದ್ವೀಪದಂತಿದ್ದ ಗುಣದಾಳವು ಕನ್ನಡದ ನೆಲ. ಇಂದು ಅದು ಬಬಲೇಶ್ವರ ತಾಲೂಕಿನ ಗ್ರಾಮ. ಔಂಧದ ಅಧಿಪತಿ ಭವಾನರಾವ ಪಂತ ಪ್ರತಿನಿಧಿಯವರು (1868–1951) ಚಿತ್ರಕಲೆಯಲ್ಲಿ ಕೈಯಿದ್ದವರು, ಕಲಾಸಂಗ್ರಹಕಾರರು, ರೂಪವನ್ನು ಬಲ್ಲವರು. 1897ರ ಸುಮಾರಿಗೆ ಅವರು ಸ್ಯಾಂಡೋವಿನ ಪುಸ್ತಕಗಳನ್ನೂ ಸಲಕರಣೆಗಳನ್ನೂ ತರಿಸಿ ಸುಮಾರು ಹತ್ತು ವರ್ಷ ನಿಷ್ಠೆಯಿಂದ ಅಭ್ಯಾಸ ಮಾಡಿದರು. ಅನಂತರ ಮಿರಜದ ಅಧಿಪತಿಗಳ ಪ್ರೇರಣೆಯಿಂದ 1908ರ ಹೊತ್ತಿಗೆ ಡಂಬೆಲ್ಲುಗಳನ್ನು ಬದಿಗಿಟ್ಟು ಸೂರ್ಯನಮಸ್ಕಾರವನ್ನು ಹಿಡಿದರು. ಮರುವರ್ಷ, 1909ರಲ್ಲಿ, ಪಟ್ಟಕ್ಕೆ ಬಂದರು. ಮುಂದೆ ತಮ್ಮ ರಾಜ್ಯದ ಶಾಲೆಗಳಲ್ಲಿ ನಮಸ್ಕಾರವನ್ನು ಕಡ್ಡಾಯ ಮಾಡಿದರು. 1928ರ ಸುಮಾರಿಗೆ ಅದನ್ನು ಕುರಿತು ಸಚಿತ್ರವಾದ ಪುಸ್ತಕವನ್ನು ಪ್ರಕಟಿಸಿದರು. ಅದೇ ವಿಷಯದ ಇನ್ನೊಂದು ಪುಸ್ತಕವು 1938ರಲ್ಲಿ ಲಂಡನ್ನಿನಿಂದ ಹೊರಬಂದಿತು.

ಈ ಕ್ರಮದಲ್ಲಿ ವಿಚಾರಣೀಯವಾದ ಸಂಗತಿ ಯಾವುದೆಂದರೆ, ನಮಸ್ಕಾರಕ್ಕೆ ಸಲಕರಣೆ ಬೇಡ, ಜೋಡಿ ಬೇಡ, ಹಣ ಬೇಡ. ಒಬ್ಬನು ಮಲಗುವಷ್ಟು ನೆಲ ಸಾಕು. ಪ್ರತಿನಿಧಿಯವರು ಅದನ್ನು ಗಂಡು ಹೆಣ್ಣು, ಬಾಲ ವೃದ್ಧರೆನ್ನದೆ ಎಲ್ಲರಿಗೂ ವಿಧಿಸಿದರು. ಅವರ ರಾಣಿಯವರೂ ಮಕ್ಕಳೂ ಅದನ್ನು ಮಾಡುತ್ತಿದ್ದರು. ಗುಣದಾಳದ ಕನ್ನಡ ಶಾಲೆಯ ಮಗುವಿಗೂ ಅರಮನೆಯ ಮಗುವಿಗೂ ವ್ಯಾಯಾಮ ಒಂದೇ ಆಯಿತು. ತಾಲೀಮಿನ ಕಲ್ಲು ಹುಡುಗರನ್ನು ಮೇಲು ಕೀಳೆಂದು ಸಾಲುಗೊಳಿಸಿದರೆ ನಮಸ್ಕಾರವು ಸಾಲಿನಲ್ಲಿ ನಿಂತವರನ್ನೆಲ್ಲ ಒಟ್ಟಿಗೆ ಬಾಗಿಸಿತು. ಎತ್ತಲಾರದ ಹುಡುಗನು ಇಲ್ಲಿ ಪ್ರೇಕ್ಷಕನಲ್ಲ. ನಿನ್ನೆ ಹತ್ತು ಹಾಕಿದವನು ಇಂದು ಹನ್ನೆರಡು ಹಾಕಿದರೆ ಅವನ ಗೆಲುವು ಅವನದೇ. ಇದಕ್ಕಿಂತ ಹೆಚ್ಚಾಗಿ, ಹುಡುಗಿಯೊಬ್ಬಳು ಮನೆಗೆಲಸಕ್ಕಲ್ಲದೆ ತನ್ನ ಮೈಗಾಗಿಯೇ ಬೆವರು ಸುರಿಸುವುದನ್ನು ರಾಜಶಾಸನವೊಂದು ಒಪ್ಪಿಕೊಂಡುದು ಈ ಸೀಮೆಯ ಮಟ್ಟಿಗೆ ಸಣ್ಣ ಸಂಗತಿಯಲ್ಲ.

ಆದರೂ ಸ್ಯಾಂಡೋವಿನ ಕನ್ನಡಿ ಪೂರ್ತಿಯಾಗಿ ಹಿಂದೆ ಉಳಿಯಲಿಲ್ಲ. ಪ್ರತಿನಿಧಿಯವರ ಬರಹಗಳಲ್ಲಿ ತೆಳುವಾದ ನಡು, ಯೌವನದ ಕಾಂತಿ, ಮುಪ್ಪನ್ನು ದೂರವಿಡುವ ಮೈಕಟ್ಟು ಇವುಗಳ ಆಸೆಯೂ ಕಾಣಿಸಿಕೊಳ್ಳುತ್ತದೆ. ಹೆಂಗಸರಿಗೆ ಹೇಳುವಾಗ ಈ ಆಸೆ ಮತ್ತಷ್ಟು ಮುಂದಕ್ಕೆ ಬರುತ್ತದೆ. ಕಡ್ಡಾಯವೆಂಬುದರ ದೋಷವೂ ಇದ್ದೇ ಇದೆ. ಆಜ್ಞೆಯಿಂದ ಮಾಡಿಸಿದ ವ್ಯಾಯಾಮವು ಆಜ್ಞೆ ನಿಂತೊಡನೆ ನಿಲ್ಲಬಹುದು. 1939ರ ಹೊತ್ತಿಗೆ ಔಂಧವು ಗಾಂಧೀಜಿಯವರ ಸಲಹೆಯೊಡನೆ ಗ್ರಾಮಪಂಚಾಯತಿಗಳ ತಳಹದಿಯ ಹೊಸ ಸಂವಿಧಾನವನ್ನು ಪಡೆಯಿತು. 1948ರಲ್ಲಿ ಸಂಸ್ಥಾನವೇ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು.

ಇದೇ ಕಾಲದಲ್ಲಿ ಬ್ರಿಟಿಷ್ ಆಡಳಿತದ ವಿಜಾಪುರ ಜಿಲ್ಲೆಯಲ್ಲಿ ಶರೀರಸಾಧನೆಗೆ ರಾಷ್ಟ್ರೀಯವಾದ ಅರ್ಥ ಬಂದಿತು. ಧಾರವಾಡದವರಾದ ಡಾ. ನಾ. ಸು. ಹರ್ಡೀಕರರು 1923ರ ಕಾಕಿನಾಡ ಅಧಿವೇಶನದ ಸಂದರ್ಭದಲ್ಲಿ ಹಿಂದುಸ್ತಾನಿ ಸೇವಾದಳವನ್ನು ಸ್ಥಾಪಿಸಿ ಹುಬ್ಬಳ್ಳಿಯಿಂದ ಅದನ್ನು ನಡೆಸಿದರು. ಕವಾಯತು, ಲಾಠಿ, ಶಿಸ್ತು ಇವುಗಳ ಮೂಲಕ ತರುಣನ ಮೈಯು ದೇಶದ ಮೈಯಾಗಬೇಕೆಂಬುದು ಅವರ ಆಶಯ. ಮರುವರ್ಷದ ಬೆಳಗಾವಿ ಅಧಿವೇಶನಕ್ಕೆ ಉಮಾಬಾಯಿ ಕುಂದಾಪುರ ಅವರು ನೂರಕ್ಕೂ ಮಿಕ್ಕು ಸ್ವಯಂಸೇವಿಕೆಯರನ್ನು ಕೂಡಿಸಿದರು. ಸೇವಾದಳದ ಮಹಿಳಾ ಶಾಖೆಯ ಹೊಣೆಯನ್ನೂ ಅವರು ಹೊತ್ತರು. ಸಮವಸ್ತ್ರ ತೊಟ್ಟು ಸಾಲುಗಟ್ಟಿ ನಡೆಯುವ ಹೆಣ್ಣುಮಕ್ಕಳನ್ನು ಊರು ನೋಡಿದುದು ಆಗ. ಸರಕಾರವು 1932ರಲ್ಲಿ ಸೇವಾದಳವನ್ನು ಕಾಯಿದೆಬಾಹಿರವೆಂದು ಸಾರಿತು. 1937ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದಮೇಲೆ ಲೋಣಾವಳದ ಸ್ವಾಮಿ ಕುವಲಯಾನಂದರ ಅಧ್ಯಕ್ಷತೆಯ ಸಮಿತಿಯೊಂದು ಶಾರೀರಿಕ ಶಿಕ್ಷಣವನ್ನು ಪರಿಶೀಲಿಸಿತು. 1938ರಲ್ಲಿ ಕಾಂದಿವಲಿಯಲ್ಲಿ ವ್ಯಾಯಾಮ ಶಿಕ್ಷಕರ ತರಬೇತಿ ಸಂಸ್ಥೆ ಆರಂಭವಾಯಿತು. ವ್ಯಾಯಾಮವು ಊರಿನ ಉಸ್ತಾದನ ಕೈಯಿಂದ ಶಾಲೆಯ ಮಾಸ್ತರನ ಕೈಗೆ ಬಂದುದನ್ನು ಇಲ್ಲಿಂದ ಎಣಿಸಬಹುದು. ಮಾಸ್ತರನು ಉಸ್ತಾದನಿಗಿಂತ ನ್ಯಾಯವಂತ, ಏಕೆಂದರೆ ಅವನ ಪಾಠ ಎಲ್ಲರಿಗೂ. ಆದರೆ ವಾರಕ್ಕೆ ಒಂದೆರಡು ತಾಸು ಮಾತ್ರ ಸಿಕ್ಕುವ ಅವನು ಒಬ್ಬೊಬ್ಬ ಹುಡುಗನ ಮೈಯನ್ನು ಉಸ್ತಾದನಂತೆ ಅರಿಯಲಾರ.

ಸ್ವಾತಂತ್ರ್ಯಾನಂತರದ ಬದಲಾವಣೆಗಳಲ್ಲಿ ಪ್ರಸ್ತುತ ವಿಷಯಕ್ಕೆ ಸಂಬಂಧಿಸಿದವು ಕೆಲವೇ. 1963ರ ಸೆಪ್ಟೆಂಬರಿನಲ್ಲಿ ವಿಜಾಪುರದಲ್ಲಿ ಸೈನಿಕ ಶಾಲೆ ತೆರೆಯಿತು. ಹರೆಯದ ಹುಡುಗರು ದಿನವೂ ನಸುಕಿನಲ್ಲಿ ಎದ್ದು ಓಡುವ ಜೀವನಕ್ರಮವೊಂದು ಊರಿನ ಕಣ್ಣೆದುರಿಗೆ ಬಂದಿತು. ಆದರೆ ದೇಶದ ಸೈನಿಕ ಶಾಲೆಗಳೆಲ್ಲ ಹುಡುಗಿಯರಿಗೆ ತೆರೆದುದು 2021–22ರಿಂದ. ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ಹೆದ್ದಾರಿಯ ಬದಿಯಲ್ಲಿ, ಎರಡನೆಯ ಇಬ್ರಾಹಿಂ ಆದಿಲಶಾಹನ ನವರಸಪುರದ ನೆರೆಯಲ್ಲಿರುವ ತೊರವಿಯಲ್ಲಿ ಮಹಿಳಾ ವಿಶ್ವವಿದ್ಯಾಲಯವಿದೆ. 2003ರಲ್ಲಿ ಸ್ಥಾಪಿತವಾದ ಅದಕ್ಕೆ 2017ರಲ್ಲಿ ಅಕ್ಕಮಹಾದೇವಿಯ ಹೆಸರು ಬಂದಿತು. ಅಲ್ಲಿ ಶಾರೀರಿಕ ಶಿಕ್ಷಣದ ಅಧ್ಯಯನವೂ ಉಂಟು. ನೋಡುವವರ ಕಣ್ಣಿನ ಅಳತೆಯನ್ನೇ ಧಿಕ್ಕರಿಸಿದ ಶರಣೆಯ ಹೆಸರಿನ ಸಂಸ್ಥೆಯಿಂದ ವ್ಯಾಯಾಮ ಶಿಕ್ಷಕಿಯರು ಹೊರಡುತ್ತಿರುವುದನ್ನು ಕಂಡು ಸಂತೋಷಪಡುವುದಕ್ಕೆ ಕಾರಣವಿದೆ. ಏಕೆಂದರೆ ಸಮಸ್ಯೆ ತೀರಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2016ರ ಸ್ಥಿತಿಯನ್ನು ಲೆಕ್ಕಹಾಕಿ 2019ರಲ್ಲಿ ಪ್ರಕಟಿಸಿದ ಪ್ರಕಾರ, ಜಗತ್ತಿನ 11ರಿಂದ 17ರ ವಯಸ್ಸಿನ ಶಾಲಾಮಕ್ಕಳಲ್ಲಿ ಶೇಕಡಾ 81ರಷ್ಟು ಮಂದಿ ದಿನಕ್ಕೆ 60 ನಿಮಿಷದ ಚಟುವಟಿಕೆಯನ್ನು ಪೂರೈಸುವುದಿಲ್ಲ. ಹುಡುಗರಲ್ಲಿ ಇದು 78, ಹುಡುಗಿಯರಲ್ಲಿ 85. ಬೀಸುವ ಕಲ್ಲು ಹೋಗಿ ಗಿರಣಿ ಬಂದಿದೆ, ಬಾವಿಯ ಕೊಡ ಹೋಗಿ ನಲ್ಲಿ ಬಂದಿದೆ. ಹಳೆಯ ದಣಿವು ಕಳೆದುದು ಒಳ್ಳೆಯದೇ. ಅದರ ಸ್ಥಾನಕ್ಕೆ ಹುಡುಗಿಗೆ ತನ್ನ ಸಾಮರ್ಥ್ಯವನ್ನು ತಿಳಿಸುವ ಇನ್ನೊಂದು ಬಾರದೆ, ಕೈಯಲ್ಲಿಯ ಫೋನಿನ ಕನ್ನಡಿ ಮಾತ್ರ ಬಂದರೆ, ಸ್ಯಾಂಡೋವಿನ ಪ್ರಶ್ನೆಯೊಂದೇ ಉಳಿಯುತ್ತದೆ. ಹುಡುಗರ ಸ್ಥಿತಿಯೂ ಬೇರೆಯಲ್ಲ. ಪೇಟೆಯ ಜಿಮ್ಮುಗಳ ಗೋಡೆಗೆ ಹಚ್ಚಿದ ಕನ್ನಡಿಗಳನ್ನೂ ನಟರ ಚಿತ್ರಗಳನ್ನೂ ನೋಡಿದರೆ ಅದು ತಿಳಿಯುತ್ತದೆ.

ಈ ಸೀಮೆಯಲ್ಲಿಯೇ ಇದಕ್ಕೆ ಎದುರಾದ ಒಂದು ಪ್ರವಾಹವೂ ಹರಿಯುತ್ತಿದೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಿಂದ ಸೈಕಲ್ ಪಂದ್ಯದ ಪಟುಗಳು ಒಬ್ಬರ ಹಿಂದೊಬ್ಬರು ಬಂದು ರಾಜ್ಯದ ತಂಡಗಳನ್ನು ತುಂಬಿದ್ದಾರೆ. ಅವರಲ್ಲಿ ಹುಡುಗಿಯರೂ ಇದ್ದಾರೆ. ಸೈಕಲ್ಲು ಇಲ್ಲಿ ಆಟದ ಸಾಮಾನಾಗುವ ಮೊದಲು ಶಾಲೆಗೆ, ಹೊಲಕ್ಕೆ, ಹಾಲು ಹಾಕಲು ಹೋಗುವ ವಾಹನವಾಗಿತ್ತು. ಎಂಟನೆಯ ತರಗತಿಯ ಮಕ್ಕಳಿಗೆ 2006–07ರಿಂದ ಹಲವು ವರ್ಷ ಸರಕಾರವು ಸೈಕಲ್ಲುಗಳನ್ನು ಹಂಚಿದುದೂ ಹುಡುಗಿಯರ ಕಾಲಿಗೆ ಒಂದು ದಾರಿಯನ್ನು ಕೊಟ್ಟಿತು. ಕೆಲಸಕ್ಕಾಗಿ ತುಳಿದುದನ್ನೇ ಸಾಮರ್ಥ್ಯವೆಂದು ಎಣಿಸುವ ಏರ್ಪಾಡು, ಅಂದರೆ ಬೀಸುವ ಕಲ್ಲಿಗೆ ಎಂದೂ ದೊರೆಯದ ಏರ್ಪಾಡು, ಈ ವಾಹನಕ್ಕೆ ದೊರೆತಿದೆ. ಕಾಲಪರೀಕ್ಷೆಯೆಂಬ ಪಂದ್ಯದಲ್ಲಿ ಸವಾರರನ್ನು ಒಬ್ಬೊಬ್ಬರನ್ನಾಗಿ ಬಿಡುತ್ತಾರೆ. ಪಕ್ಕದಲ್ಲಿ ಜೋಡಿಯಿಲ್ಲ, ಸವಾರಳ ಮೈ ಹೇಗೆ ಕಾಣುತ್ತದೆಂದು ಕೇಳುವವರೂ ಇಲ್ಲ, ಗೊತ್ತುಮಾಡಿದ ದೂರವನ್ನು ಅವಳು ಎಷ್ಟು ನಿಮಿಷ, ಎಷ್ಟು ಸೆಕೆಂಡಿಗೆ ಮುಟ್ಟಿದಳೆಂಬುದನ್ನು ಗಡಿಯಾರ ನೋಡಿ ಬರೆದುಕೊಳ್ಳುತ್ತಾರೆ.